ರ, ಗ, ಸ, ದ, ಅ: ನಾಲ್ಕು ವರ್ಷದ ಮಗುವಿಗೆ ಮನೆಯಲ್ಲೇ ಅಕ್ಷರದಾಟ

ಕನ್ನಡದ 49 ಅಕ್ಷರಗಳನ್ನು ಅ, ಆ, ಇ, ಈ ಎಂದು ಹಾಡಿನಂತೆ ಬಾಯಿಪಾಠ ಮಾಡಿಸಿ, ತಪ್ಪೇನಿಲ್ಲ. ಆದರೆ ಗುರುತಿಸಲು, ತಿದ್ದಲು ಅದೇ ಕ್ರಮ ಹಿಡಿಯಬೇಡಿ. ಈ, ಋಗಳ ಸುತ್ತುಗಳು ಪುಟ್ಟ ಕೈಗೆ ಬೇಗ ಒಗ್ಗುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಆಕಾರ ಸುಲಭ, ಕಾಗುಣಿತ, ಒತ್ತಕ್ಷರ ಇಲ್ಲದೆಯೇ ಸರ, ದರ, ಅರಸ, ಅಗಸ, ಗರಗಸ ಓದಲು ಸಾಧ್ಯ.

ಪೆನ್ಸಿಲ್ಲಿಗಿಂತ ಮೊದಲು ಹಿಟ್ಟು ಕೊಡಿ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಚಮಚ ಎಣ್ಣೆ ಬೆರೆಸಿ. ಅರ್ಧ ಲೋಟ ನೀರು ಎದುರಿಗಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ. ಪೂರ್ತಿ ನೀರು ಬೇಕಾಗದೇ ಇರಬಹುದು. ಕೈಗೆ ಅಂಟಿದರೆ ಮೈದಾ ಉದುರಿಸಿ, ಬಿರುಕು ಬಿಟ್ಟರೆ ಒದ್ದೆ ಕೈಯಲ್ಲಿ ನಾದಿ. ಕಾಲು ಭಾಗಕ್ಕೆ ಅರಿಶಿನ ಕಲಸಿ ಬೇರೆ ಇಡಿ. ಉಪ್ಪು ಜಾಸ್ತಿ ಇರುವುದರಿಂದ ಮಗು ಇದನ್ನು ತಿನ್ನದಂತೆ ಪಕ್ಕದಲ್ಲೇ ಕೂರಿ.

ಒಂದು ಹಾಳೆಯಲ್ಲಿ ಗೇಣುದ್ದದ ರ ಬರೆದು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ. ಮಗು ಕೋಡುಬಳೆ ಹೊಸೆಯುವಂತೆ ಬೆರಳು ಗಾತ್ರದ ಎಳೆ ಹೊಸೆದು ಗೆರೆಯ ಮೇಲೆ ಕೂರಿಸಲಿ. ತೆಳ್ಳಗೆ ಹೊಸೆದರೆ ಎಳೆ ತುಂಡಾಗಿ ಮಗುವಿಗೆ ಬೇಸರವಾಗುತ್ತದೆ. ತಲೆಕಟ್ಟನ್ನು ಮಾತ್ರ ಅರಿಶಿನದ ಹಿಟ್ಟಿನಲ್ಲಿ, ಕೊನೆಗೆ ಇಡಿಸಿ. ಹೆಚ್ಚಿನ ಮಕ್ಕಳು ಮರೆಯುವುದು ಅದನ್ನೇ. ಬಣ್ಣ ಬೇರೆಯಾದರೆ ನೆನಪಿರುತ್ತದೆ. ಮುಂದೆ ರಿ, ರೆ ಕಲಿಯುವಾಗ ತಲೆಕಟ್ಟು ತೆಗೆದು ಅದೇ ಜಾಗದಲ್ಲಿ ಗುಡಿಸು, ಎತ್ವ ಇಡುವುದೂ ಸಲೀಸು. ಅ ಅಕ್ಷರಕ್ಕೆ ತಲೆಕಟ್ಟಿಲ್ಲ ಎಂಬುದನ್ನು ಮಗುವೇ ಕಂಡುಹಿಡಿಯಲಿ.

ಮುಂದಿನದು ರವೆಯ ಕಾರ್ಡು. ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಫೆವಿಕಾಲ್‌ನಿಂದ ಅಕ್ಷರ ಬರೆದು, ಉಪ್ಪಿಟ್ಟಿನ ರವೆ ಉದುರಿಸಿ ರಾತ್ರಿಯಿಡೀ ಒಣಗಿಸಿ. ಅಂಟು ದಪ್ಪವಾದರೆ ಒಳಗೆ ಹಸಿಯೇ ಉಳಿದು, ಬೆರಳು ತಾಗಿದ ಕೂಡಲೇ ರವೆ ಜಾರುತ್ತದೆ. ಚಿರೋಟಿ ರವೆ ಬೇಡ, ತೀರಾ ನುಣುಪು. ಹುಣಸೆ ಬೀಜ, ಕಡಲೆ ಅಂಟಿಸುವುದೂ ಬೇಡ. ಈ ವಯಸ್ಸಿನಲ್ಲಿ ಅವು ಮೂಗಿಗೋ ಬಾಯಿಗೋ ಹೋಗುವ ಭಯ ಇದ್ದೇ ಇರುತ್ತದೆ. ಮಗು ತೋರುಬೆರಳಿನಿಂದ ಸವರುತ್ತಾ ಅಕ್ಷರದ ಹೆಸರು ಹೇಳಲಿ. ನಾಲ್ಕೈದು ದಿನ ಕಳೆದ ಮೇಲೆ ಕಾರ್ಡುಗಳನ್ನು ಬಟ್ಟೆಚೀಲಕ್ಕೆ ಹಾಕಿ. ನೋಡದೆ ಕೈಯಲ್ಲೇ ಯಾವ ಅಕ್ಷರವೆಂದು ಹೇಳುವ ಆಟ ಮಕ್ಕಳಿಗೆ ಬಲು ಇಷ್ಟ.

ಪದ ಆರಿಸುವಾಗ ಎಚ್ಚರ. ರ ಅಕ್ಷರಕ್ಕೆ ರಾಜ, ಸ ಅಕ್ಷರಕ್ಕೆ ಸೇಬು ಎಂದು ಹೇಳಿಕೊಟ್ಟರೆ ಕಿವಿಗೆ ಬೀಳುವುದು ರಾ, ಸೇ. ಕಣ್ಣೆದುರು ಇರುವುದು ರ, ಸ. ರವೆ, ಗಂಟೆ, ಸರ, ದನ, ಅಕ್ಕಿ ಇವೇ ಸರಿ. ಅಡುಗೆಮನೆಯಿಂದ ರವೆ, ಅಕ್ಕಿ ತಂದು ಆಯಾ ಕಾರ್ಡಿನ ಮೇಲೆ ಇಡಿಸಿ.

ಜಗಲಿಯಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆದು, ಅಂಕಿಯ ಬದಲು ಇದೇ ಐದು ಅಕ್ಷರ ತುಂಬಿ. ಬಿಲ್ಲೆ ಬಿದ್ದ ಮನೆಯ ಅಕ್ಷರ ಹೇಳಿ ಕುಪ್ಪಳಿಸಬೇಕು. ನಾಲ್ಕು ವರ್ಷಕ್ಕೆ ಒಂಟಿಕಾಲು ಕಷ್ಟವಾದರೆ ಎರಡೂ ಕಾಲು ಸಾಕು.

ದಿನಕ್ಕೆ ಹತ್ತು ನಿಮಿಷ ಸಾಕು, ಮಗು ಎದ್ದು ಹೋದರೆ ಅಲ್ಲಿಗೇ ನಿಲ್ಲಿಸಿ. ದ-ಧ, ರ-ಠ ಇಂಥ ಜೋಡಿಗಳನ್ನು ಒಟ್ಟಿಗೆ ತೋರಿಸಬೇಡಿ. ಮೊದಲನೆಯದು ಗಟ್ಟಿಯಾಗುವ ಮೊದಲೇ ಎರಡನೆಯದು ಬಂದರೆ ಎರಡೂ ಕಲಸಿಹೋಗುತ್ತವೆ. ಐದೂ ಅಕ್ಷರಗಳನ್ನು ತಡವರಿಸದೆ ಗುರುತಿಸಿದ ಮೇಲಷ್ಟೇ ಜ, ವ, ಮ, ಬ, ನ ಸೇರಿಸಿ. ಆಗ ಮರ, ದನ, ಬಸವ, ನಗರ ಎಲ್ಲವನ್ನೂ ಕಾರ್ಡು ಜೋಡಿಸಿಯೇ ಓದಿಸಬಹುದು.