ನಟ್ಟು ಬಿಗಿದರೆ ಸಾಲದು: ಶೆಡ್ಡಿನಲ್ಲಿ ಕಟ್ಟುವ ವಿಮಾನದ ಬೋಲ್ಟು, ವೈರಿಗೆ ಲಾಕ್ ಹಾಕುವುದು ಹೇಗೆ?

ಕಿಟ್ ತರಿಸಿ ಸಣ್ಣ ವಿಮಾನ ಕಟ್ಟುವವರು ರೆಕ್ಕೆ, ಎಂಜಿನ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಸರಿಯೇ. ಆದರೆ ಎಂಜಿನ್ ಚಾಲೂ ಆದ ಕೂಡಲೇ ಇಡೀ ಯಂತ್ರ ನಡುಗುತ್ತದೆ, ಆ ನಡುಕಕ್ಕೆ ಗಟ್ಟಿಯಾಗಿ ಬಿಗಿದ ನಟ್ಟೂ ಚೂರು ಚೂರೇ ತಿರುಗಿ ಸಡಿಲವಾಗುತ್ತದೆ. ಬೈಕಾದರೆ ರಸ್ತೆ ಬದಿಗೆ ನಿಲ್ಲಿಸಬಹುದು. ಮೇಲೆ ಹಾಗಾಗುವುದಿಲ್ಲ ಅಲ್ವಾ? ಹಾಗಾಗಿ ಇಲ್ಲಿ ಪ್ರತಿ ನಟ್ಟಿಗೂ ಎರಡು ಕೆಲಸ. ಒಂದು ಬಿಗಿಯುವುದು, ಇನ್ನೊಂದು ಬಿಚ್ಚಿಕೊಳ್ಳದಂತೆ ತಡೆಯುವುದು.

ಹಾರಿಸಲು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಅನುಮತಿ ಬೇಕು, ಆ ಮಾತು ಬೇರೆ. ಕೆಲಸದ ವಿಷಯಕ್ಕೆ ಮೊದಲು ನಿಮ್ಮ ಕಿಟ್ಟಿನ ಕೈಪಿಡಿ ನೋಡಿ. ಅದರಲ್ಲಿ ಇಲ್ಲದ್ದಕ್ಕೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 1998ರಲ್ಲಿ ತಂದ ಎಸಿ 43.13-1ಬಿ ಎಂಬ ಪುಸ್ತಕ ಇದೆ, ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಮೊದಲು ಬೋಲ್ಟು. ಮಲ್ಪೆಯಲ್ಲೋ ಮಂಗಳೂರು ದಕ್ಕೆಯ ಹತ್ತಿರವೋ ದೋಣಿಯವರಿಗೆ ಮಾರುವ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟು ನೋಡಿ ಆಸೆಪಡಬೇಡಿ. ಸಾಮಾನ್ಯ ಎ2-70 ದರ್ಜೆಯ ಬೋಲ್ಟಿನ ಬಲ 700 ಮೆಗಾಪಾಸ್ಕಲ್. ವಿಮಾನಕ್ಕೆ ಬಳಸುವ ಎಎನ್ (ಅಮೆರಿಕದ ಸೇನಾ ಮಾನದಂಡದ) ಬೋಲ್ಟಿನದು ಸುಮಾರು 860. ಅದೂ ಅಲ್ಲದೆ ನಮ್ಮ ಕಡಲ ಗಾಳಿಯ ಉಪ್ಪು ತಾಗಿದರೆ ಸ್ಟೇನ್‌ಲೆಸ್ ಬೋಲ್ಟಿಗೆ ಏನೂ ಆಗುವುದಿಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಪುಡಿಪುಡಿಯಾಗುತ್ತದೆ. ಎಎನ್ ಬೋಲ್ಟಿಗೆ ಇರುವ ಹೊಂಬಣ್ಣದ ಕ್ಯಾಡ್ಮಿಯಂ ಲೇಪ ಇದನ್ನು ತಡೆಯಲಿಕ್ಕೇ. ಅದನ್ನು ಉಜ್ಜಬೇಡಿ, ಆ ಪುಡಿ ವಿಷ. ಮಳೆಗಾಲದಲ್ಲಿ ಬೋಲ್ಟುಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಬೋಲ್ಟಿನ ತಲೆ ಸಾಧ್ಯವಾದಷ್ಟು ಮೇಲೆ ಅಥವಾ ಮುಂದೆ ಇರಲಿ. ನಟ್ಟು ಬಿದ್ದುಹೋದರೂ ಬೋಲ್ಟು ತೂತಿನಲ್ಲೇ ಉಳಿಯುತ್ತದೆ. ಭಾರ ಹೊರುವುದು ಬೋಲ್ಟಿನ ನುಣುಪು ಭಾಗ, ನಟ್ಟು ತಿರುಗುವ ಮರೆಗಳಲ್ಲ. ಉದ್ದ ಹೆಚ್ಚಾದರೆ ವಾಷರ್ ಹಾಕಿ ಸರಿಮಾಡಿ.

ಬಿಗಿಯುವಾಗ ಕೈ ಅಂದಾಜು ಬೇಡ. ತಿರುಗಿಸುವ ಬಲ, ಅಂದರೆ ಟಾರ್ಕ್, ಎಎನ್3 (3/16 ಇಂಚು ದಪ್ಪದ) ಬೋಲ್ಟಿಗೆ 20ರಿಂದ 25 ಇಂಚು-ಪೌಂಡ್, ಎಎನ್4ಕ್ಕೆ (ಕಾಲು ಇಂಚು) 50ರಿಂದ 70. ಗ್ಯಾರೇಜಿನ ದೊಡ್ಡ ಟಾರ್ಕ್ ರೆಂಚ್ (ಈ ಬಲ ಅಳೆಯುವ ಸ್ಪ್ಯಾನರ್) ಇಷ್ಟು ಸಣ್ಣ ಅಳತೆಗೆ ಆಗುವುದಿಲ್ಲ, ಚಿಕ್ಕದನ್ನೇ ಕೊಳ್ಳಿ. ನೈಲಾನ್ ಉಂಗುರದ ನಟ್ಟು ಸುಮ್ನೆ ತಿರುಗಿಸಲಿಕ್ಕೂ ಸ್ವಲ್ಪ ಬಲ ಬೇಕಲ್ಲ, ಅದನ್ನು ಅಳೆದು ಈ ಲೆಕ್ಕಕ್ಕೆ ಕೂಡಿಸಬೇಕು. ಈ ನಟ್ಟು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ, ಹಾಗಾಗಿ ಎಂಜಿನ್ ಕಡೆ ಪೂರ್ತಿ ಲೋಹದ ಲಾಕ್‌ನಟ್ಟು ಹಾಕಿ. ಕಂಟ್ರೋಲ್ ಕೀಲುಗಳಂಥ ಬೋಲ್ಟು ತಿರುಗುವ ಜಾಗದಲ್ಲಿ ಎರಡೂ ನಡೆಯುವುದಿಲ್ಲ, ಅಲ್ಲಿ ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ಟು ಮತ್ತು ಆ ಸೀಳು, ಬೋಲ್ಟಿನ ತೂತು ಎರಡರಲ್ಲೂ ತೂರಿಸಿ ಮಡಚುವ ಕಾಟರ್ ಪಿನ್ನೇ ಬೇಕು. ಪಿನ್ನಿನ ತೂತು ಸರಿಹೊಂದಲಿಲ್ಲ ಅಂತ ನಟ್ಟು ಸಡಿಲ ಮಾಡಬೇಡಿ, ವಾಷರ್ ಬದಲಿಸಿ ನೋಡಿ.

ಇನ್ನು ಲಾಕ್‌ವೈರ್. ತಲೆಯಲ್ಲಿ ತೂತಿರುವ ಬೋಲ್ಟುಗಳು ಬಿಚ್ಚಿಕೊಳ್ಳದಂತೆ ಒಂದಕ್ಕೊಂದು ಕಟ್ಟುವ ತಂತಿ ಇದು. ಇದನ್ನು ನಿಧಾನಕ್ಕೆ ಕಲಿಯಬೇಕು. ಸಾಮಾನ್ಯವಾಗಿ 0.032 ಇಂಚು ದಪ್ಪದ ಸ್ಟೇನ್‌ಲೆಸ್ ತಂತಿ ಸಾಕು. ಮೊದಲ ಬೋಲ್ಟಿನ ತಲೆಯ ತೂತಿನಲ್ಲಿ ತಂತಿ ತೂರಿಸಿ, ಒಂದು ತುದಿಯನ್ನು ತಲೆಯ ಸುತ್ತ ತಂದು, ಎರಡೂ ತುದಿ ಸೇರಿಸಿ ಹೆಣೆಯಿರಿ. ಒಂದು ಇಂಚಿಗೆ 6ರಿಂದ 8 ಸುತ್ತು. ಎರಡನೇ ಬೋಲ್ಟು ಮುಟ್ಟಿದಾಗ ಒಂದು ತುದಿಯನ್ನು ತೂತಿನಲ್ಲಿ ತೂರಿಸಿ, ಇನ್ನೊಂದನ್ನು ತಲೆ ಬಳಸಿ ತಂದು ಮತ್ತೆ ಹೆಣೆಯಿರಿ. ಕಾಲಿಂದ ಅರ್ಧ ಇಂಚು ಬಾಲ ಬಿಟ್ಟು ಕತ್ತರಿಸಿ, ಒಳಕ್ಕೆ ಮಡಚಿ. ಇಲ್ಲದಿದ್ದರೆ ಮುಂದಿನ ಸಲ ಕೈ ಹಾಕಿದವರ ಬೆರಳು ಹರಿಯುತ್ತದೆ. ಕತ್ತರಿಸುವಾಗ ಕನ್ನಡಕ ಇರಲಿ, ತುಂಡನ್ನು ಎಂಜಿನ್ ಒಳಗೆ ಬಿಡಬೇಡಿ. ಇಕ್ಕಳ ಕಚ್ಚಿ ಗಾಯವಾದ ತಂತಿ, ಒಮ್ಮೆ ಬಿಚ್ಚಿದ ತಂತಿ ಎರಡೂ ಕಸಕ್ಕೆ.

ಜಾಸ್ತಿ ಜನ ಎಡವುವುದು ದಿಕ್ಕಿನಲ್ಲಿ. ತಂತಿ ಬೋಲ್ಟನ್ನು ಯಾವಾಗಲೂ ಬಿಗಿಯುವ ಕಡೆಗೇ ಎಳೆಯಬೇಕು. ಮುಗಿದ ಮೇಲೆ ಬೆರಳಿಟ್ಟು ಯೋಚಿಸಿ: ಈ ಬೋಲ್ಟು ಬಿಚ್ಚಲು ಹೊರಟರೆ ಪಕ್ಕದ್ದು ಬಿಗಿಯುತ್ತದೆಯೇ? ಹೌದಾದರೆ ಸರಿ. ಇಲ್ಲವಾದರೆ ಹೆಣಿಗೆ ಎಷ್ಟೇ ಚಂದ ಇದ್ದರೂ ಬಿಚ್ಚಿ ಬಿಸಾಡಿ. ಮಾಡಿದವರ ಕಣ್ಣಿಗೆ ತಮ್ಮ ತಪ್ಪು ಬೀಳುವುದು ಕಡಿಮೆ, ಇನ್ನೊಬ್ಬರಿಗೆ ತೋರಿಸಿ. ಮಣಿಪಾಲದಲ್ಲಿ ಏರೋನಾಟಿಕಲ್ ಓದುವ ಹುಡುಗರು ಪರಿಚಯವಿದ್ದರೆ ಕರೆಯಿರಿ, ಅವರಿಗೂ ಖುಷಿ.

ವೈರಿಂಗಿಗೆ ಮನೆಗೆ ಎಳೆಯುವ ಪಿವಿಸಿ ವೈರ್ ಬೇಡ, ಸುಟ್ಟರೆ ಅದರ ಹೊಗೆ ವಿಷ. ವಿಮಾನಕ್ಕೆಂದೇ ಬರುವ ಟೆಫ್‌ಜೆಲ್ ಹೊದಿಕೆಯ ವೈರ್ ತನ್ನಿ. ತುದಿಗೆ ರಿಂಗ್ ಟರ್ಮಿನಲ್ (ಸ್ಕ್ರೂಗೆ ಸಿಕ್ಕಿಸುವ ಲೋಹದ ಉಂಗುರ) ಹಾಕಿ, ರ್‍ಯಾಚೆಟ್ ಇರುವ ಕ್ರಿಂಪಿಂಗ್ ಇಕ್ಕಳದಿಂದಲೇ ಒತ್ತಿ, ಆಮೇಲೆ ಎಳೆದು ನೋಡಿ. ಬಾಯಿ ತೆರೆದ ಫೋರ್ಕ್ ಟರ್ಮಿನಲ್ ಸ್ಕ್ರೂ ಸಡಿಲಾದರೆ ಜಾರಿ ಬೀಳುತ್ತದೆ. ಬೆಸುಗೆ ಹಾಕಿದರೆ ಅದು ಮುಗಿಯುವ ಜಾಗದಲ್ಲಿ ವೈರ್ ಗಡುಸಾಗಿ ನಡುಕಕ್ಕೆ ಎಳೆ ಎಳೆಯಾಗಿ ಮುರಿಯುತ್ತದೆ. ಟರ್ಮಿನಲ್ ಸಿಕ್ಕಿಸುವ ಒಂದು ಸ್ಟಡ್ಡಿಗೆ (ಸ್ಕ್ರೂ ಕಡ್ಡಿಗೆ) ನಾಲ್ಕಕ್ಕಿಂತ ಜಾಸ್ತಿ ಟರ್ಮಿನಲ್ ಬೇಡ. ಫ್ಯೂಸ್ ಇರುವುದು ವೈರನ್ನು ಕಾಯಲು, ಉಪಕರಣ ಕಾಯಲು ಅಲ್ಲ, ಹಾಗಾಗಿ ಕರೆಂಟು ಬರುವ ತುದಿಯ ಹತ್ತಿರವೇ ಇರಲಿ.

ತಗಡಿನ ತೂತಿನಲ್ಲಿ ಹಾಯುವ ವೈರಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚು ಮುಚ್ಚುವ ಉಂಗುರ) ಹಾಕಲೇಬೇಕು. ವೈರುಗಳ ಕಟ್ಟನ್ನು ರಬ್ಬರ್ ಮೆತ್ತೆಯ ಕ್ಲ್ಯಾಂಪಿನಲ್ಲಿ ಹಿಡಿಸಿ. ಎರಡು ಕ್ಲ್ಯಾಂಪ್ ನಡುವೆ ಕೈಯಲ್ಲಿ ಒತ್ತಿದರೆ ಅರ್ಧ ಇಂಚಿಗಿಂತ ಜಾಸ್ತಿ ಜೋಲಬಾರದು. ಪೆಟ್ರೋಲ್ ಪೈಪಿನ ಪಕ್ಕ ಹೋಗುವ ವೈರ್ ಪೈಪಿನ ಮೇಲುಗಡೆ ಇರಲಿ, ಸೋರಿದರೂ ಅದರ ಮೇಲೆ ಬೀಳದ ಹಾಗೆ. ಕನೆಕ್ಟರಿಗೆ ಸೇರುವ ಮುಂಚೆ ವೈರನ್ನು ಒಮ್ಮೆ ಕೆಳಗೆ ಇಳಿಸಿ ಮೇಲಕ್ಕೆ ತನ್ನಿ. ನಮ್ಮ ಮಳೆಗೆ ಇದು ಬೇಕೇ ಬೇಕು, ಹರಿದು ಬಂದ ನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ.

ಪರೀಕ್ಷೆ ಮುಗಿದ ನಟ್ಟಿನಿಂದ ತಗಡಿನವರೆಗೆ ಟಾರ್ಕ್ ಸೀಲ್ ಬಣ್ಣದ ಗೆರೆ ಎಳೆಯಿರಿ. ಅದು ಲಾಕ್ ಅಲ್ಲ, ಸಾಕ್ಷಿ ಅಷ್ಟೇ. ನೆಲದ ಮೇಲೆ ಮೊದಲ ಸಲ ಎಂಜಿನ್ ಓಡಿಸಿದ ಮೇಲೆ ಮುಚ್ಚಳ ತೆಗೆದು ಟಾರ್ಚ್ ಹಾಕಿ ಒಂದೊಂದೇ ಗೆರೆ ನೋಡಿ. ಮುರಿದಿದ್ದರೆ ಮತ್ತೆ ಬಿಗಿದು ಸುಮ್ಮನಾಗಬೇಡಿ, ಯಾಕೆ ತಿರುಗಿತು ಅಂತ ಹುಡುಕಿ. ಪ್ರೊಪೆಲ್ಲರ್ ಮರದ್ದಾಗಿದ್ದರೆ ಇನ್ನೊಂದು ಕೆಲಸ ಇದೆ. ಮಳೆಗಾಲದ ಆಟಿ ತಿಂಗಳ ತೇವಕ್ಕೆ ಮರ ಉಬ್ಬುತ್ತದೆ, ಮಳೆ ಹೋಗಿ ಬಿಸಿಲು ಬಂದಾಗ ಕುಗ್ಗುತ್ತದೆ, ಆಗ ಲಾಕ್ ಹಾಗೇ ಇದ್ದರೂ ಬೋಲ್ಟಿನ ಹಿಡಿತ ಕಡಿಮೆಯಾಗಿರುತ್ತದೆ. ಋತು ಬದಲಾದಾಗೆಲ್ಲ ಹಳೇ ಲಾಕ್‌ವೈರ್ ಕತ್ತರಿಸಿ, ಟಾರ್ಕ್ ನೋಡಿ, ಹೊಸ ತಂತಿ ಹಾಕಿ.