ಪರೀಕ್ಷೆಯ ಒತ್ತಡವನ್ನು ಹಾಳೆಗೆ ಇಳಿಸುವ ಬಗೆ: ನನ್ನ ಅನುಭವ

ಪರೀಕ್ಷೆ ಹತ್ತಿರ ಬಂದಾಗ ಮನಸ್ಸನ್ನು ಹಿಂಡುವ ಮಾತು "ಇನ್ನೂ ಎಷ್ಟೋ ಇದೆ" ಎನ್ನುವುದು. ಎಷ್ಟೋ ಎಂದರೆ ಎಷ್ಟು ಎಂದು ಕೇಳಿಕೊಂಡರೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಆ ಉತ್ತರ ಇಲ್ಲದಿರುವುದೇ ಒತ್ತಡದ ಬಹುಪಾಲು. ಹಾಗಾಗಿ ಓದಲು ಕೂರುವ ಮೊದಲು ನಾನು ಮಾಡುವ ಕೆಲಸ ಎಣಿಕೆ.

ಒಂದು ವಿಷಯಕ್ಕೆ ಒಂದು ಹಾಳೆ. ಸಿಲಬಸ್ ಮುಂದಿಟ್ಟುಕೊಂಡು ಪ್ರತಿ ಪಾಠವನ್ನೂ 45 ನಿಮಿಷದಲ್ಲಿ ಮುಗಿಯುವಂಥ ತುಂಡುಗಳಾಗಿ ಒಡೆಯುತ್ತೇನೆ. "ಬೀಜಗಣಿತ" ಎಂದು ಬರೆದರೆ ಅದು ಗುಡ್ಡದ ಹಾಗೆ ಎದುರು ನಿಲ್ಲುತ್ತದೆ. "ದ್ವಿಘಾತ ಸಮೀಕರಣ, ಸೂತ್ರದಿಂದ ಮೂಲ ಕಂಡುಹಿಡಿಯುವುದು, 8 ಲೆಕ್ಕ" ಎಂದು ಬರೆದರೆ ಅದು ಇವತ್ತು ಸಂಜೆ ಮಾಡಬಹುದಾದ ಕೆಲಸ. ಪ್ರತಿ ತುಂಡಿನ ಎದುರು ಒಂದು ಚೌಕ. ಪುಸ್ತಕ ಮುಚ್ಚಿ ಬರೆಯಲು ಬಂದರೆ ಚೌಕ ಪೂರ್ತಿ ತುಂಬಬೇಕು, ಅರ್ಧ ಬಂದರೆ ಅಡ್ಡಗೆರೆ, ಬರದಿದ್ದರೆ ಖಾಲಿ. ಇಲ್ಲಿ ಒಂದು ಎಚ್ಚರ: "ಇದು ನನಗೆ ಗೊತ್ತು" ಎಂಬ ಅನಿಸಿಕೆಯ ಮೇಲೆ ಚೌಕ ತುಂಬಬಾರದು. ಖಾಲಿ ಹಾಳೆಯಲ್ಲಿ ಐದು ನಿಮಿಷ ಬರೆದು ನೋಡಿಯೇ ತುಂಬಬೇಕು. ಅನಿಸಿಕೆಯ ಮೇಲೆ ತುಂಬಿದ ಹಾಳೆ ಮೊದಲ ವಾರ ಸಮಾಧಾನ ಕೊಡುತ್ತದೆ, ಕೊನೆಯ ವಾರ ಕೈ ಕೊಡುತ್ತದೆ.

ಆಮೇಲೆ ದಿನಗಳ ಲೆಕ್ಕ. ಪರೀಕ್ಷೆಗೆ 42 ದಿನ ಇದೆ ಎನ್ನೋಣ. ವಾರಕ್ಕೊಂದು ದಿನ ಬಿಡುವು ತೆಗೆದರೆ 36. ಕೊನೆಯ ವಾರದ 6 ದಿನ ಪೂರ್ತಿ ಪ್ರಶ್ನೆಪತ್ರಿಕೆ ಬಿಡಿಸುವುದಕ್ಕೆ ಮೀಸಲಿಟ್ಟರೆ 30. ದಿನಕ್ಕೆ 45 ನಿಮಿಷದ 5 ಬೈಠಕ್ಕು ಎಂದರೆ 150. ಇದರಲ್ಲಿ ಕಾಲು ಭಾಗವನ್ನು ಜ್ವರ, ನೆಂಟರು, ಕರೆಂಟು, ಬೇಸರ ಇವಕ್ಕೆಂದು ಮೊದಲೇ ಕಳೆದುಬಿಡುತ್ತೇನೆ. ಸುಮಾರು 112 ಉಳಿಯಿತು. ಅದರ ಅರ್ಧ ಪುನರಾವರ್ತನೆಗೆ ಬೇಕು. ಹಾಗಾದರೆ ಹೊಸದಾಗಿ ಓದಲು ಸಿಗುವುದು 56 ಬೈಠಕ್ಕು ಮಾತ್ರ. ಹಾಳೆಯಲ್ಲಿ ತುಂಬದ ಚೌಕ 50 ಇದ್ದರೆ ನೆಮ್ಮದಿಯಿಂದ ಓದಬಹುದು. 80 ಇದ್ದರೆ ಯಾವ 24 ಬಿಡಬೇಕು ಎಂದು ಇವತ್ತೇ ಕೂತು ನಿರ್ಧರಿಸಬೇಕು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು ಯಾವ ತುಂಡಿನಿಂದ ಎಷ್ಟು ಅಂಕಕ್ಕೆ ಕೇಳಿದ್ದಾರೆ ಎಂದು ಗುರುತು ಹಾಕಿದರೆ ಬಿಡಬಹುದಾದವು ತಾವಾಗಿಯೇ ಕಾಣುತ್ತವೆ. ಬಿಡುವುದಕ್ಕೆ ಜೀವ ಹಿಂಜರಿಯುತ್ತದೆ, ನಿಜ. ಆದರೆ ಆರು ವಾರ ಮೊದಲು ತಿಳಿದು ಬಿಟ್ಟದ್ದು ತೀರ್ಮಾನ; ಹಿಂದಿನ ರಾತ್ರಿ ಬಿಟ್ಟುಹೋದದ್ದು ಗಾಬರಿ.

ಕಾಲು ಭಾಗ ಕಳೆಯುವುದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜು ಮಾಡುವಾಗ ಮನುಷ್ಯ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾನೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದಾರೆ. ಬಿಗಿಯಾದ ಟೈಮ್‌ಟೇಬಲ್ ಮೂರನೆಯ ದಿನಕ್ಕೆ ಹರಿದುಹೋಗುವುದು ಈ ಕಾರಣಕ್ಕೆ. ಹರಿದ ಮೇಲೆ "ನನ್ನ ಕೈಲಿ ಆಗುವುದಿಲ್ಲ" ಎಂಬ ಭಾವನೆ ಬರುತ್ತದಲ್ಲ, ಅದು ಕಳೆದುಹೋದ ಒಂದು ದಿನಕ್ಕಿಂತ ದೊಡ್ಡ ನಷ್ಟ.

ಇನ್ನು ಮನಸ್ಸು ಬಾರದಿರುವ ಮಾತು. ಓದಬೇಕು ಅನ್ನಿಸಿದ ಮೇಲೆ ಓದುತ್ತೇನೆ ಎಂದು ಕಾದರೆ ಆ ಮುಹೂರ್ತ ಬರುವುದೇ ಇಲ್ಲ. ಕೈ ಹಾಕಿದ ಮೇಲೆಯೇ ಹುರುಪು ಬರುತ್ತದೆ. ಆದ್ದರಿಂದ ಕೈ ಹಾಕುವ ಕೆಲಸವನ್ನು ಸಲೀಸು ಮಾಡಿಟ್ಟುಕೊಳ್ಳುತ್ತೇನೆ. ರಾತ್ರಿ ಮಲಗುವ ಮೊದಲು ಮೇಜಿನ ಮೇಲೆ ನಾಳೆಯ ಪುಸ್ತಕ ಒಂದೇ ಒಂದು ಇರುತ್ತದೆ, ಅದೂ ಬೇಕಾದ ಪುಟಕ್ಕೆ ತೆರೆದು. ಪಕ್ಕದ ಹಾಳೆಯಲ್ಲಿ ಮೊದಲ ಲೆಕ್ಕದ ಪ್ರಶ್ನೆಯನ್ನು ಬರೆದೇ ಇಟ್ಟಿರುತ್ತೇನೆ. ಬೆಳಗ್ಗೆ ಕೂತವರು ಉತ್ತರದ ಮೊದಲ ಸಾಲು ಬರೆದರೆ ಸಾಕು. ಮೊದಲ ಬೈಠಕ್ಕಿಗೆ ಯಾವಾಗಲೂ ಅಡ್ಡಗೆರೆಯ ತುಂಡು, ಅಂದರೆ ಅರ್ಧ ಬರುವಂಥದ್ದು. ಪೂರ್ತಿ ಹೊಸತನ್ನು ಬೆಳಗ್ಗೆಯೇ ಹಿಡಿದರೆ ಇಪ್ಪತ್ತು ನಿಮಿಷಕ್ಕೆ ಮುಗ್ಗರಿಸಿ ಇಡೀ ದಿನದ ಲಯ ಕೆಡುತ್ತದೆ.

ಅದೂ ಆಗದಷ್ಟು ಜಡ ಹಿಡಿದ ದಿನ 10 ನಿಮಿಷದ ಅಲಾರಂ ಇಡುತ್ತೇನೆ. ಹತ್ತು ನಿಮಿಷ ಆದ ಮೇಲೆ ಏಳುವ ಸ್ವಾತಂತ್ರ್ಯ ನಿಜವಾಗಿಯೂ ಇರಬೇಕು. ಮನಸ್ಸಿಗೆ ಸುಳ್ಳು ಹೇಳಿದರೆ ಎರಡನೆಯ ಸಲ ಅದು ನಂಬುವುದಿಲ್ಲ. ಸಾಮಾನ್ಯವಾಗಿ ಏಳಬೇಕು ಅನ್ನಿಸುವುದಿಲ್ಲ. ಇನ್ನೊಂದು ಉಪಾಯ "ಹೀಗಾದಾಗ ಹೀಗೆ" ಎಂಬ ವಾಕ್ಯ: "ಸಂಜೆ ಮುಖ ತೊಳೆದು ಬಂದ ತಕ್ಷಣ ಕುರ್ಚಿಯಲ್ಲಿ ಕೂತು ರಸಾಯನಶಾಸ್ತ್ರದ ಹಾಳೆ ತೆಗೆಯುತ್ತೇನೆ." ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಈ ಬಗೆಯ ವಾಕ್ಯಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. "ಸಂಜೆ ಚೆನ್ನಾಗಿ ಓದುತ್ತೇನೆ" ಎಂಬ ಸಂಕಲ್ಪಕ್ಕಿಂತ ಇದು ಗಟ್ಟಿ ನಿಲ್ಲುತ್ತದೆ, ಯಾಕೆಂದರೆ ಯಾವಾಗ, ಎಲ್ಲಿ, ಏನು ಎಂದು ಆ ಹೊತ್ತಿಗೆ ಯೋಚಿಸುವ ಕೆಲಸವೇ ಇರುವುದಿಲ್ಲ.

ಬೈಠಕ್ಕಿನ ಉದ್ದ ಅವರವರ ಅಭ್ಯಾಸ. ಫ್ರಾನ್ಸೆಸ್ಕೊ ಚಿರಿಲ್ಲೊ ರೂಢಿಗೆ ತಂದ 25 ನಿಮಿಷ ಕೆಲಸ, 5 ನಿಮಿಷ ಬಿಡುವಿನ ಪದ್ಧತಿ ಬಾಯಿಪಾಠದ ವಿಷಯಕ್ಕೆ ಹೊಂದುತ್ತದೆ. ಲೆಕ್ಕಕ್ಕೆ 45 ಮತ್ತು 10 ವಾಸಿ, ಯಾಕೆಂದರೆ ಉದ್ದನೆಯ ಲೆಕ್ಕದ ನಡುವೆ ಅಲಾರಂ ಹೊಡೆದರೆ ಎಳೆ ತಪ್ಪುತ್ತದೆ. ಬಿಡುವಿನಲ್ಲಿ ಫೋನ್ ಮುಟ್ಟಬಾರದು. ಐದು ನಿಮಿಷಕ್ಕೆಂದು ಮುಟ್ಟಿದ್ದು ಅರ್ಧ ಗಂಟೆಯಾಗುತ್ತದೆ, ಅದೊಂದೇ ಅಲ್ಲ; ನೋಡಿದ್ದೆಲ್ಲ ಮುಂದಿನ ಬೈಠಕ್ಕಿನಲ್ಲೂ ತಲೆಯೊಳಗೆ ಓಡುತ್ತಿರುತ್ತದೆ. ಫೋನ್ ಬೇರೆ ಕೋಣೆಯಲ್ಲಿ, ಅಲಾರಂಗೆ ಗಡಿಯಾರ. ಬಿಡುವಿನಲ್ಲಿ ಎದ್ದು ಓಡಾಡಿ, ನೀರು ಕುಡಿದು, ದೂರದ ಯಾವುದನ್ನಾದರೂ ನೋಡಿದರೆ ಸಾಕು.

ಓದುವ ರೀತಿಗೂ ಒತ್ತಡಕ್ಕೂ ಇರುವ ನಂಟು ಬಹಳ ಜನಕ್ಕೆ ಕಾಣುವುದಿಲ್ಲ. ಹೈಲೈಟರ್ ಹಿಡಿದು ಮೂರು ಸಲ ಓದಿದ ಪುಟ ಪರಿಚಿತವಾಗಿ ಕಾಣುತ್ತದೆ. ಪರಿಚಯವೇ ಬೇರೆ, ನೆನಪೇ ಬೇರೆ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಗುಂಪಿಗೆ ಪಾಠವನ್ನು ಮತ್ತೆ ಮತ್ತೆ ಓದಲು ಕೊಟ್ಟರು, ಇನ್ನೊಂದಕ್ಕೆ ಓದಿದ್ದನ್ನು ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದೆ. ವಾರ ಕಳೆದು ನೋಡಿದಾಗ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದಿದ್ದರು. ರಾತ್ರಿ "ಎಲ್ಲ ಬರುತ್ತದೆ" ಅನ್ನಿಸಿ ಬೆಳಗ್ಗೆ "ಏನೂ ಬರುತ್ತಿಲ್ಲ" ಅನ್ನಿಸುವುದರ ಗುಟ್ಟು ಇದೇ. ತಲೆ ಕೆಟ್ಟಿರುವುದಿಲ್ಲ, ರಾತ್ರಿಯ ಅಳತೆಗೋಲು ತಪ್ಪಾಗಿರುತ್ತದೆ.

ಹಾಗಾಗಿ 45 ನಿಮಿಷದಲ್ಲಿ 25 ಓದು, 15 ಪುಸ್ತಕ ಮುಚ್ಚಿ ಬರಹ, ಕೊನೆಯ 5 ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸುವುದು. ಅದೇ ತುಂಡನ್ನು ಮತ್ತೆ 1, 3, 7 ಮತ್ತು 16ನೆಯ ದಿನ 10 ನಿಮಿಷ ಮುಚ್ಚಿ ಬರೆಯುತ್ತೇನೆ. ಕಲಿತದ್ದು ಮೊದಲ ದಿನವೇ ಬಹಳ ಸೋರಿಹೋಗುತ್ತದೆ, ಆಮೇಲೆ ಸೋರಿಕೆ ನಿಧಾನವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ. ಅದಕ್ಕೇ ಮೊದಲ ಮರುಬರಹ ಮರುದಿನವೇ ಬೇಕು. ಈ ಅಂತರಗಳು ಶಾಸನವಲ್ಲ. ಹತ್ತಿರದಿಂದ ಶುರುವಾಗಿ ದೂರವಾಗುತ್ತ ಹೋದರೆ ಆಯಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡುವುದು ತಪ್ಪಿನ ಪುಸ್ತಕ. ಬಲಪುಟದಲ್ಲಿ ತಪ್ಪು ಮಾಡಿದ ಲೆಕ್ಕ, ಎಡಪುಟದಲ್ಲಿ ಮೂರು ಸಾಲು: ಏನು ಬರೆದೆ, ಯಾಕೆ ಹಾಗೆ ಬರೆದೆ, ಮುಂದೆ ಎಲ್ಲಿ ನಿಲ್ಲಬೇಕು. ಒಂದು ನಮೂದು ಹೀಗಿದೆ. ದ್ವಿಘಾತ ಸಮೀಕರಣ, ಸಹಗುಣಕಗಳು 1, ಮೈನಸ್ 3, ಮೈನಸ್ 10. ಶೋಧಕ (b² − 4ac) ಕಂಡುಹಿಡಿಯುವಾಗ ಮೈನಸ್ 3ರ ವರ್ಗವನ್ನು ಮೈನಸ್ 9 ಎಂದು ಬರೆದದ್ದು. ಅದರಿಂದ 31 ಬಂತು, ವರ್ಗಮೂಲ ಸರಿಯಾಗಿ ಬರಲಿಲ್ಲ, ಆರು ನಿಮಿಷ ಹೋಯಿತು. ಸರಿಯಾದದ್ದು 9 ಕೂಡಿಸು 40, ಅಂದರೆ 49, ವರ್ಗಮೂಲ 7, ಉತ್ತರ 5 ಮತ್ತು ಮೈನಸ್ 2. "ಯಾಕೆ" ಎಂಬಲ್ಲಿ: ಆವರಣ ಹಾಕದೆ ನೇರ ವರ್ಗ ಬರೆದದ್ದು. "ಎಲ್ಲಿ ನಿಲ್ಲಬೇಕು" ಎಂಬಲ್ಲಿ: ಋಣಸಂಖ್ಯೆ ಕಂಡ ಕೂಡಲೇ ಮೊದಲು ಆವರಣ. "ಅಜಾಗರೂಕತೆ" ಎಂದು ಮಾತ್ರ ಎಂದೂ ಬರೆಯಬಾರದು, ಅದನ್ನು ತಿದ್ದಲು ದಾರಿಯೇ ಇಲ್ಲ. ಇಂಥ ಮೂವತ್ತು ನಮೂದು ಸೇರಿದಾಗ ತಪ್ಪುಗಳು ಬಂದು ನಿಲ್ಲುವುದು ಐದಾರು ಬಗೆಗೆ. "ನನಗೆ ಗಣಿತ ಬರುವುದಿಲ್ಲ" ಎಂಬ ದೊಡ್ಡ ಹೆದರಿಕೆ "ನಾನು ಚಿಹ್ನೆಯಲ್ಲಿ ಎಡವುತ್ತೇನೆ" ಎಂಬಷ್ಟಕ್ಕೆ ಇಳಿಯುತ್ತದೆ.

ಮೈಯ ಕಡೆಗೆ ಬರೋಣ. ನಿದ್ದೆ ಕಡಿದು ಓದುವುದರಲ್ಲಿ ಲಾಭವಿಲ್ಲ. ಹಗಲು ಕಲಿತದ್ದು ನೆಲೆಯೂರುವುದು ನಿದ್ದೆಯಲ್ಲಿ. 7ರಿಂದ 8 ಗಂಟೆ, ಏಳುವ ಹೊತ್ತು ದಿನವೂ ಒಂದೇ. ಕಾಫಿ, ಟೀಯಲ್ಲಿರುವ ಕೆಫೀನ್‌ನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು, ಹಾಗಾಗಿ ಮಧ್ಯಾಹ್ನ ಎರಡರ ನಂತರ ಅದನ್ನು ಮುಟ್ಟುವುದಿಲ್ಲ. ಎದೆ ಡವಡವ ಎನ್ನುವಾಗ 4 ಸೆಕೆಂಡ್ ಉಸಿರು ಒಳಗೆ, 6 ಸೆಕೆಂಡ್ ಹೊರಗೆ, 5 ನಿಮಿಷಕ್ಕೆ 30 ಉಸಿರು. ಹೊರಗೆ ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ತಪ್ಪಾಗುವುದು ಎಲ್ಲಿ ಎಂದರೆ, ಗಾಬರಿಯಾದ ದಿನ ಮೊದಲ ಸಲ ಪ್ರಯತ್ನಿಸುವುದರಲ್ಲಿ. ಶಾಂತವಾಗಿರುವಾಗ ಎರಡು ಮೂರು ವಾರ ಅಭ್ಯಾಸ ಮಾಡಿದ್ದರೆ ಬೇಕಾದಾಗ ಕೂಡಲೇ ಕೈಗೆ ಬರುತ್ತದೆ. ಹಾಗಂತ ಒತ್ತಡವನ್ನು ಪೂರ್ತಿ ಅಳಿಸಲು ಹೋಗಬೇಡಿ. ತುಸು ಬಿಸಿ ಇದ್ದರೇ ಗಮನ ನಿಲ್ಲುವುದು.

ಚಿಂತೆ ಬರುವುದಕ್ಕೂ ಒಂದು ಹೊತ್ತು ಕೊಡುತ್ತೇನೆ: ಸಂಜೆ 15 ನಿಮಿಷ. ನಡುವೆ ಬಂದ ಚಿಂತೆಯನ್ನು ಮೇಜಿನ ಮೂಲೆಯ ಚೀಟಿಯಲ್ಲಿ ಒಂದೇ ಸಾಲು ಬರೆದು ಓದಿಗೆ ಮರಳುವುದು. ಸಂಜೆ ಚೀಟಿ ತೆಗೆದಾಗ ಅರ್ಧಕ್ಕರ್ಧ ತಣ್ಣಗಾಗಿರುತ್ತವೆ. ಉಳಿದವುಗಳಲ್ಲಿ ಏನಾದರೂ ಮಾಡಬಹುದಾದದ್ದು ನಾಳೆಯ ಪಟ್ಟಿಗೆ ಹೋಗುತ್ತದೆ. "ಅಪ್ಪ ಏನನ್ನುತ್ತಾರೋ" ಎಂಬಂಥದ್ದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಅದನ್ನು ಅಪ್ಪನ ಹತ್ತಿರವೇ, ಪರೀಕ್ಷೆಗೆ ಬಹಳ ಮೊದಲು ಮಾತಾಡಿ ಹಗುರ ಮಾಡಿಕೊಳ್ಳುವುದು ಒಳ್ಳೆಯದು.

ತಪ್ಪಿದ ದಿನಕ್ಕೂ ನಿಯಮ ಬೇಕು. ಇವತ್ತಿನ ಬಾಕಿಯನ್ನು ನಾಳೆಯ ಮೇಲೆ ಹೇರುವುದಿಲ್ಲ. ನಾಳೆ 5 ಇದ್ದದ್ದು 10 ಆದರೆ ನಾಳೆಯೂ ಕೈಬಿಡುತ್ತದೆ. ಮೊದಲೇ ಕಳೆದಿಟ್ಟ ಕಾಲು ಭಾಗ ಇರುವುದೇ ಇದಕ್ಕೆ. ತೀರಾ ಕೆಟ್ಟ ದಿನದ ಕನಿಷ್ಠ 2 ಬೈಠಕ್ಕು, ಅದೂ ಹಳೆಯ ತುಂಡುಗಳ ಮರುಬರಹ. ಗೆಳೆಯರ ಹತ್ತಿರ "ನಿಂದು ಎಷ್ಟು ಪಾಠ ಮುಗೀತು" ಎಂದು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಅವರ ಹಾಳೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಬೀಳುವುದು ಅವರ ಮಾತು ಮಾತ್ರ.

ಎರಡು ವಾರ ಸರಿಯಾಗಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಏನೂ ಬೇಡ ಅನ್ನಿಸುತ್ತಿದೆ ಎಂದಾದರೆ ಹಾಳೆ, ಚೌಕ ಎಲ್ಲ ಬದಿಗಿಡಿ. ಇದು ಟೈಮ್‌ಟೇಬಲ್ಲಿಗೆ ಬಗ್ಗುವ ಸಂಗತಿಯಲ್ಲ, ವೈದ್ಯರ ಹತ್ತಿರ ಹೋಗಬೇಕು. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಆ ದಿನವೇ, ಆ ಗಂಟೆಯೇ ನಂಬಿಕೆಯ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಒಬ್ಬರೇ ಇರಬೇಡಿ. ಪರೀಕ್ಷೆ ಇನ್ನೊಮ್ಮೆ ಬರೆಯಬಹುದು.

ಪರೀಕ್ಷೆಯ ದಿನ ಬೆಳಗ್ಗೆ ಹೊಸದೇನೂ ಓದುವುದಿಲ್ಲ, ತಪ್ಪಿನ ಪುಸ್ತಕದ ಎಡಪುಟ ಮಾತ್ರ. ಆಮೇಲೆ 10 ನಿಮಿಷ, ಯಾವುದಕ್ಕೆ ಹೆದರಿಕೆ ಎಂದು ಮನಸ್ಸಿಗೆ ಬಂದ ಹಾಗೆ ಬರೆದು ಹಾಳೆ ಹರಿದು ಹಾಕುತ್ತೇನೆ. ಪರೀಕ್ಷೆಗೆ ತುಸು ಮೊದಲು ಹೀಗೆ ಬರೆದವರಲ್ಲಿ, ಅದರಲ್ಲೂ ಹೆದರುವ ಸ್ವಭಾವದವರಲ್ಲಿ, ಅಂಕ ಸುಧಾರಿಸಿದ್ದನ್ನು 2011ರಲ್ಲಿ ಮನಶ್ಶಾಸ್ತ್ರ ಸಂಶೋಧಕರಾದ ಗೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ ವರದಿ ಮಾಡಿದ್ದಾರೆ. ಲೆಕ್ಕ ಮಾಡಲು ಬೇಕಾದ ತಲೆಯ ಜಾಗವನ್ನು ಚಿಂತೆ ಹಿಡಿದುಕೊಂಡಿರುತ್ತದೆ, ಬರೆದಾಗ ಅದು ತೆರವಾಗುತ್ತದೆ ಎಂಬುದು ಅವರ ವಿವರಣೆ.

ಹಾಲ್‌ನಲ್ಲಿ ಮೊದಲ ಕೆಲಸ ಸಮಯ ಹಂಚುವುದು. 180 ನಿಮಿಷ, 100 ಅಂಕ ಎಂದರೆ ಓದಲು 15, ಕೊನೆಗೆ ನೋಡಲು 15 ತೆಗೆದು ಉಳಿದ 150ರಲ್ಲಿ ಒಂದು ಅಂಕಕ್ಕೆ ಒಂದೂವರೆ ನಿಮಿಷ. 10 ಅಂಕದ ಪ್ರಶ್ನೆಗೆ 15 ನಿಮಿಷ. ಮುಗಿಯದಿದ್ದರೆ ಜಾಗ ಬಿಟ್ಟು ಮುಂದಕ್ಕೆ. ಓದಿದ್ದು ಒಮ್ಮೆಲೇ ಅಳಿಸಿಹೋದಂತಾದರೆ ಅದನ್ನೇ ದಿಟ್ಟಿಸುತ್ತ ಕೂರಬಾರದು, ಗಾಬರಿ ಹೆಚ್ಚಿದಷ್ಟೂ ನೆನಪಿನ ಬಾಗಿಲು ಬಿಗಿಯುತ್ತದೆ. ಪೆನ್ನು ಕೆಳಗಿಟ್ಟು ಮೂರು ಉದ್ದ ಉಸಿರು, ಬರುವ ಬೇರೆ ಪ್ರಶ್ನೆಗೆ ಉತ್ತರ, ಆಮೇಲೆ ವಾಪಸ್ ಬಂದು ಆ ಪಾಠದ ಯಾವುದೇ ಒಂದು ಪದ, ಚಿತ್ರ, ಸೂತ್ರವನ್ನು ಕೊನೆಯ ಪುಟದಲ್ಲಿ ಬರೆಯುವುದು. ಒಂದು ತುದಿ ಸಿಕ್ಕರೆ ಹೆಚ್ಚಿನ ಸಲ ಉಳಿದದ್ದು ಎಳೆದುಕೊಂಡು ಬರುತ್ತದೆ.

ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ನಿಂತು ಉತ್ತರ ಹೋಲಿಸುವುದಿಲ್ಲ. ಎರಡು ಗಂಟೆ ಪೂರ್ತಿ ಬಿಡುವು, ಆಮೇಲೆ ಮುಂದಿನ ವಿಷಯದ ಹಾಳೆ ತೆಗೆದು ಅಡ್ಡಗೆರೆಯ ಚೌಕ ಎಷ್ಟಿವೆ ಎಂದು ಎಣಿಸುತ್ತೇನೆ.