ಸಣ್ಣ ವಿಮಾನ ನಿಲ್ದಾಣದಲ್ಲಿ ಇಳಿದು ಊರು ಸೇರುವ ದಾರಿ

ಆಸ್ಪತ್ರೆಗಳಲ್ಲಿ ಕೆಟ್ಟುಹೋದ ಎಕ್ಸ್‌ರೇ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಯಂತ್ರ ನಿಂತರೆ ಕೈಕಾಲು ಮುರಿದುಕೊಂಡವರು ನೋವು ತಿಂದುಕೊಂಡು ಕಾಯಬೇಕಾಗುತ್ತದೆ. ಹಾಗಾಗಿ ಫೋನ್ ಬಂದ ದಿನವೇ ಹೊರಡುತ್ತೇನೆ. ಹೋಗುವುದು ಹೆಚ್ಚಾಗಿ ಸಣ್ಣ ಊರುಗಳಿಗೆ. ಇಳಿಯುವುದು ದಿನಕ್ಕೆ ಎರಡೋ ಮೂರೋ ವಿಮಾನ ಬರುವ ನಿಲ್ದಾಣಗಳಲ್ಲಿ. ಹೀಗೆ ಹದಿಮೂರು ವರ್ಷ ಆಯಿತು.

ಮೊದಲ ವರ್ಷದ ಒಂದು ರಾತ್ರಿ ಇನ್ನೂ ಕಣ್ಣಮುಂದೆ ಇದೆ. ಒಂಬತ್ತಕ್ಕೆ ಇಳಿಯಬೇಕಿದ್ದ ವಿಮಾನ ಹತ್ತೂಕಾಲಿಗೆ ಇಳಿಯಿತು. ಊರಿಗೆ ಹೋಗುವ ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು. ನಾನು ಬೆಲ್ಟಿನ ಹತ್ತಿರ ಬ್ಯಾಗಿಗೆ ಕಾಯುತ್ತಿದ್ದಾಗ ಉಳಿದವರನ್ನೆಲ್ಲ ಅವರ ಮನೆಯವರು ಬಂದು ಕರೆದುಕೊಂಡು ಹೋದರು. ಹೊರಗೆ ಬಂದು ನೋಡಿದರೆ ಟ್ಯಾಕ್ಸಿ ಒಂದೂ ಇಲ್ಲ. ಹಿಂದೆ ಟರ್ಮಿನಲ್ಲಿನ ದೀಪಗಳು ಒಂದೊಂದಾಗಿ ಆರಿದವು. ಊರು ಇಪ್ಪತ್ತೆಂಟು ಕಿಲೋಮೀಟರ್ ದೂರ. ಕಾವಲಿಗಿದ್ದ ಹಿರಿಯರೊಬ್ಬರು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಗುರುತಿನ ಡ್ರೈವರ್‌ಗೆ ಫೋನ್ ಮಾಡಿದರು. ಕಾರು ಬರುವ ತನಕ, ಮುಕ್ಕಾಲು ಗಂಟೆ, ಪಕ್ಕದಲ್ಲೇ ನಿಂತಿದ್ದರು. ಅವರ ಋಣ ದೊಡ್ಡದು. ಆದರೆ ಎಲ್ಲ ಕಡೆ ಅಂಥವರು ಸಿಗುತ್ತಾರೆ ಅಂತ ನಂಬಿಕೊಂಡು ಹೊರಡಲು ಆಗುವುದಿಲ್ಲ, ಅಲ್ವಾ?

ಅಂದಿನಿಂದ ನಾನು ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತೇನೆ. ಮೊದಲು ನಿಲ್ದಾಣದಿಂದ ಊರಿನ ತನಕದ ದಾರಿ. ಅದು ಗಟ್ಟಿಯಾದ ಮೇಲೆ ವಿಮಾನದ ಟಿಕೆಟ್. ಒಬ್ಬರೇ ಪ್ರಯಾಣ ಮಾಡುವ ಹೆಂಗಸರಿಗೆ, ವಯಸ್ಸಾದವರಿಗೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಟಿಕೆಟ್‌ಗೂ ಮೊದಲು ನಕ್ಷೆ

ನಿಲ್ದಾಣದ ಹೆಸರಿನಲ್ಲಿ ದೊಡ್ಡ ಊರಿನ ಹೆಸರಿದೆ ಅಂದಮಾತ್ರಕ್ಕೆ ಅದು ಆ ಊರಿನ ಪಕ್ಕದಲ್ಲಿದೆ ಅಂತ ಅಲ್ಲ. ಪ್ಯಾರಿಸ್ ಬೊವೆ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್ ದೂರದಲ್ಲಿದೆ. ಫ್ರಾಂಕ್‌ಫರ್ಟ್ ಹಾನ್‌ನಿಂದ ಫ್ರಾಂಕ್‌ಫರ್ಟ್ ನಗರಕ್ಕೆ ಸುಮಾರು 120 ಕಿಲೋಮೀಟರ್. ಸ್ಟಾಕ್‌ಹೋಮ್ ಸ್ಕಾವ್‌ಸ್ಟಾ ಕೂಡ ಸುಮಾರು 100 ಕಿಲೋಮೀಟರ್ ಆಚೆ. ಟಿಕೆಟ್ ಅಗ್ಗ ಎಂದು ಕೊಂಡವರಿಗೆ ಇಳಿದ ಮೇಲೆ ಇನ್ನೊಂದು ಪ್ರಯಾಣವೇ ಬಾಕಿ ಇರುತ್ತದೆ.

ಹಾಗಾಗಿ ಟಿಕೆಟ್‌ನಲ್ಲಿರುವ ನಿಲ್ದಾಣದ ಮೂರಕ್ಷರದ ಕೋಡ್ ನೋಡಿ. ಒಂದೇ ನಗರದ ಹೆಸರಿನಲ್ಲಿ ಎರಡು ನಿಲ್ದಾಣ ಇದ್ದರೂ ಕೋಡ್ ಬೇರೆ ಬೇರೆ ಇರುತ್ತದೆ. ಆ ಕೋಡನ್ನೇ ನಕ್ಷೆಯಲ್ಲಿ ಹಾಕಿ, ನೀವು ಹೋಗಬೇಕಾದ ಮನೆ ಅಥವಾ ಹೋಟೆಲ್‌ಗೆ ದಾರಿ ಕೇಳಿ. ಬರೀ ಊರಿನ ಹೆಸರು ಕೊಟ್ಟರೆ ಸಾಲದು. ನೇರ ಗೆರೆಯ ದೂರವನ್ನು ಮಾತ್ರ ನಂಬಬೇಡಿ. ನಡುವೆ ಒಂದು ನದಿಯೋ ಬೆಟ್ಟವೋ ಇದ್ದರೆ ಹದಿನೈದು ಕಿಲೋಮೀಟರ್ ಅಂದುಕೊಂಡಿದ್ದು ನಲವತ್ತಾಗುತ್ತದೆ. ನಕ್ಷೆಯಲ್ಲಿ ಹೊರಡುವ ಸಮಯವನ್ನೂ ಬದಲಿಸಿ ನೋಡಿ. ನೀವು ಇಳಿಯುವ ಹೊತ್ತಿಗೆ ಬಸ್ಸು, ರೈಲು ಇದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಒಂದು ಸಲ ಪೂರ್ತಿ ಹೊತ್ತನ್ನು ಕೂಡಿಸಿ. ಮನೆ ಬಾಗಿಲಿನಿಂದ ಆ ಊರಿನ ಬಾಗಿಲಿನ ತನಕ. ಕೆಲವು ಸಲ ರಾತ್ರಿ ರೈಲೇ ವಾಸಿ ಎಂದು ಕಾಣುತ್ತದೆ. ಹಾಗಿದ್ದರೆ ರೈಲಿಗೇ ಹೋಗಿ.

ಯಾವ ಹೊತ್ತಿನ ವಿಮಾನ

ದಿನದ ಕೊನೆಯ ವಿಮಾನವನ್ನು ನಾನು ಆದಷ್ಟು ಬಿಡುತ್ತೇನೆ. ಸಣ್ಣ ಊರುಗಳಿಗೆ ಹಾರುವ ವಿಮಾನ ಬೆಳಿಗ್ಗೆಯಿಂದ ಅಲ್ಲಿಗೂ ಇಲ್ಲಿಗೂ ಓಡಾಡುತ್ತಲೇ ಇರುತ್ತದೆ. ಬೆಳಿಗ್ಗೆ ಆದ ಇಪ್ಪತ್ತು ನಿಮಿಷದ ತಡ ಮಧ್ಯಾಹ್ನಕ್ಕೆ ನಲವತ್ತಾಗಿ, ಸಂಜೆಗೆ ಒಂದೂವರೆ ಗಂಟೆ ಆಗಬಹುದು. ದೊಡ್ಡ ನಿಲ್ದಾಣದಲ್ಲಾದರೆ ತಡವಾದರೂ ಇಳಿಯಬಹುದು. ಸಣ್ಣ ನಿಲ್ದಾಣಗಳಲ್ಲಿ ಎಷ್ಟೋ ಕಡೆ ಕಂಟ್ರೋಲ್ ಟವರ್, ಅಗ್ನಿಶಾಮಕ ದಳ ಎಲ್ಲ ಗೊತ್ತಾದ ಹೊತ್ತಿನ ತನಕ ಮಾತ್ರ ಇರುತ್ತವೆ. ರನ್‌ವೇಯಲ್ಲಿ ರಾತ್ರಿ ದೀಪಗಳೇ ಇಲ್ಲದ ಕಡೆ ಸೂರ್ಯ ಮುಳುಗುವುದರೊಳಗೆ ಇಳಿಯಲೇಬೇಕು. ಆ ಗಡುವು ಮೀರಿದರೆ ವಿಮಾನ ರದ್ದು. ಮುಂದಿನ ವಿಮಾನ ನಾಳೆ, ಕೆಲವು ಕಡೆ ನಾಳಿದ್ದು.

ಹಾಗಂತ ಮುಂಜಾನೆಯ ಮೊದಲ ವಿಮಾನವೂ ಎಲ್ಲ ಕಾಲಕ್ಕೂ ಸರಿಯಲ್ಲ. ಮಂಜು ಬೀಳುವ ತಿಂಗಳುಗಳಲ್ಲಿ ಅದೇ ಮೊದಲು ಸಿಕ್ಕಿಹಾಕಿಕೊಳ್ಳುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಐಎಲ್‌ಎಸ್ ಎಂಬ ವ್ಯವಸ್ಥೆ ಇರುತ್ತದೆ. ಅದರ ರೇಡಿಯೋ ಸಂಕೇತ ವಿಮಾನವನ್ನು ರನ್‌ವೇಯ ನೇರಕ್ಕೆ, ಸರಿಯಾದ ಇಳಿಜಾರಿನಲ್ಲಿ ತರುತ್ತದೆ. ಅದರ ಮೊದಲ, ಅಂದರೆ ತೀರಾ ಸಾದಾ ದರ್ಜೆಯಲ್ಲೇ 200 ಅಡಿ ಎತ್ತರಕ್ಕೆ ಬರುವ ತನಕ ರನ್‌ವೇ ಕಾಣದಿದ್ದರೂ ನಡೆಯುತ್ತದೆ. ಮುಂದೆ 550 ಮೀಟರ್ ಕಂಡರೆ ಸಾಕು. ಸಣ್ಣ ನಿಲ್ದಾಣಗಳಲ್ಲಿ ಅದು ಇಲ್ಲದಿರುವುದು ಸಾಮಾನ್ಯ. ಆಗ ಪೈಲಟ್‌ಗೆ ಇನ್ನೂ ಎತ್ತರದಲ್ಲೇ, ಇನ್ನೂ ದೂರದಿಂದಲೇ ರನ್‌ವೇ ಕಾಣಬೇಕು. ಕಾಣದಿದ್ದರೆ ಸುತ್ತು ಹೊಡೆದು ಕಾಯುತ್ತಾರೆ, ಇಲ್ಲವೇ ಬೇರೆ ನಿಲ್ದಾಣಕ್ಕೆ ಹೋಗಿ ಇಳಿಸುತ್ತಾರೆ. ಇದರಲ್ಲಿ ಅವರ ಮೇಲೆ ಸಿಟ್ಟಾಗಬೇಡಿ. ಅವರು ನಮ್ಮನ್ನು ಉಳಿಸುತ್ತಿದ್ದಾರೆ.

ಬೆಳಗಿನ ಹತ್ತು ಗಂಟೆಯಿಂದ ಮಧ್ಯಾಹ್ನ ಮೂರರ ನಡುವೆ ಇಳಿಯುವ ವಿಮಾನ ಸಿಕ್ಕರೆ ನಾನು ಅದನ್ನೇ ಹಿಡಿಯುತ್ತೇನೆ. ಏನಾದರೂ ಹೆಚ್ಚುಕಡಿಮೆ ಆದರೂ ಕೈಯಲ್ಲಿ ಹಗಲು ಉಳಿದಿರುತ್ತದೆ.

ಹೊರಡುವ ದಿನ ಎರಡು ವಿಷಯ ನೋಡಿಕೊಳ್ಳಿ. ಒಂದು, ಫ್ಲೈಟ್‌ರೇಡಾರ್24 ತರಹದ ಆ್ಯಪ್‌ನಲ್ಲಿ ನಿಮ್ಮ ವಿಮಾನ ಈಗ ಎಲ್ಲಿದೆ ಎಂಬುದು. ಅದು ಇನ್ನೂ ಹಿಂದಿನ ಊರಿನಲ್ಲೇ ನಿಂತಿದ್ದರೆ, ಬೋರ್ಡಿನಲ್ಲಿ ಸರಿಯಾದ ಸಮಯ ಅಂತ ಇದ್ದರೂ ನೀವು ಹೊರಡುವುದು ತಡವೇ. ಇನ್ನೊಂದು ಮೆಟಾರ್. ಇದು ವಿಮಾನ ನಿಲ್ದಾಣದ ಹವಾಮಾನ ವರದಿ. ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಹೊಸದು ಬರುತ್ತದೆ. ಟಿಕೆಟ್‌ನ ಮೂರಕ್ಷರದ ಕೋಡ್ ಅಲ್ಲ, ನಿಲ್ದಾಣಕ್ಕೆ ಇರುವ ಇನ್ನೊಂದು, ನಾಲ್ಕಕ್ಷರದ ಐಸಿಎಒ ಕೋಡ್ ಹಾಕಿ ಹುಡುಕಿದರೆ ಸಿಗುತ್ತದೆ. ನೋಡಲು ಗೂಢಲಿಪಿಯ ಹಾಗೆ ಇರುತ್ತದೆ, ಹೆದರಬೇಡಿ. ಗಾಳಿಯ ಅಂಕಿ ಆದ ಮೇಲೆ ಬರುವ ನಾಲ್ಕಂಕಿಯನ್ನು ಮಾತ್ರ ಹಿಡಿಯಿರಿ. ಹೆಚ್ಚಿನ ದೇಶಗಳಲ್ಲಿ ಅದು ಎಷ್ಟು ಮೀಟರ್ ದೂರ ಕಾಣುತ್ತಿದೆ ಎಂಬ ಲೆಕ್ಕ. 9999 ಅಂದರೆ ಹತ್ತು ಕಿಲೋಮೀಟರ್ ಅಥವಾ ಜಾಸ್ತಿ, ನಿಶ್ಚಿಂತೆಯಿಂದಿರಿ. 0400 ಎಂದು ಇದ್ದು ಪಕ್ಕದಲ್ಲಿ ಎಫ್‌ಜಿ ಅಂತ ಇದ್ದರೆ ದಟ್ಟ ಮಂಜು. ಕರೆದುಕೊಂಡು ಹೋಗಲು ಬರುವವರಿಗೆ ಆಗಲೇ ಒಂದು ಫೋನ್ ಮಾಡಿ, ಸುಮ್ನೆ ಅವರು ಬಂದು ಕಾಯುವುದು ತಪ್ಪುತ್ತದೆ.

ಬ್ಯಾಗು ಮತ್ತು ಸೀಟು

ಇಂಥ ಕಡೆಗೆ ಹಾರುವುದು ಹೆಚ್ಚಾಗಿ ಎಟಿಆರ್ 72 ತರಹದ, ರೆಕ್ಕೆಗೆ ಫ್ಯಾನ್ ಕಟ್ಟಿದಂತೆ ಕಾಣುವ ಪ್ರೊಪೆಲ್ಲರ್ ವಿಮಾನ. ಸುಮಾರು 70 ಸೀಟು, ಆ ಕಡೆ ಎರಡು, ಈ ಕಡೆ ಎರಡು. ಎಟಿಆರ್‌ನಲ್ಲಿ ಜನ ಹತ್ತಿ ಇಳಿಯುವ ಬಾಗಿಲು ಹಿಂದುಗಡೆ ಇದೆ. ಮುಂದಿನ ಭಾಗ ಸಾಮಾನಿಗೆ. ಅಂದರೆ ಹಿಂದಿನ ಸೀಟಿನವರು ಮೊದಲು ಇಳಿಯುತ್ತಾರೆ. ಹೊರಗೆ ನಾಲ್ಕೇ ಟ್ಯಾಕ್ಸಿ ಇರುವ ಕಡೆ ಇದು ದೊಡ್ಡ ಅನುಕೂಲ. ಕೈಬ್ಯಾಗು ಮಾತ್ರ ಇದ್ದರೆ ನಾನು ಕೊನೆಯ ಮೂರು ಸಾಲಿನಲ್ಲೇ ಸೀಟು ಕೇಳುತ್ತೇನೆ.

ತಲೆಯ ಮೇಲಿನ ಗೂಡುಗಳು ಚಿಕ್ಕವು. ಕೆಲವು ವಿಮಾನಗಳಲ್ಲಿ ಚಕ್ರದ ಬ್ಯಾಗು ಹಿಡಿಸುವುದಿಲ್ಲ. ಏಣಿಯ ಹತ್ತಿರವೇ ಅದನ್ನು ತೆಗೆದುಕೊಂಡು ಚೀಟಿ ಕಟ್ಟಿ ಕೆಳಗೆ ಹಾಕುತ್ತಾರೆ. ಕೊಡುವ ಮೊದಲು ಪವರ್ ಬ್ಯಾಂಕ್ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಬೇಕು. ಅದು ಸಾಮಾನಿನ ಜೊತೆ ಹೋಗುವಂತಿಲ್ಲ. ಔಷಧ, ಚಾರ್ಜರ್, ಕಾಗದಪತ್ರ, ಒಂದು ಜೊತೆ ಬಟ್ಟೆ ಇವೂ ಹೆಗಲ ಚೀಲದಲ್ಲೇ ಇರಲಿ.

ಯಾಕೆ ಹೇಳುತ್ತೇನೆ ಎಂದರೆ, ಒಂದು ಬೇಸಿಗೆಯ ಮಧ್ಯಾಹ್ನ ನನ್ನ ಉಪಕರಣದ ಪೆಟ್ಟಿಗೆ ಬರಲೇ ಇಲ್ಲ. ಸ್ಕ್ರೂಡ್ರೈವರ್, ಸ್ಪ್ಯಾನರ್ ಎಲ್ಲ ಇರುವುದರಿಂದ ಅದನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ, ಕೆಳಗೇ ಹಾಕಬೇಕು. ಬೆಲ್ಟ್ ನಿಂತುಹೋಯಿತು, ಪೆಟ್ಟಿಗೆ ಇಲ್ಲ. ಭಾರ ಜಾಸ್ತಿಯಾಗಿದ್ದಕ್ಕೆ ಕೆಲವು ಬ್ಯಾಗುಗಳನ್ನು ಹೊರಟ ಊರಿನಲ್ಲೇ ಬಿಟ್ಟಿದ್ದರು. ಬಿಸಿಲು ಏರಿದಾಗ ಗಾಳಿ ತೆಳುವಾಗುತ್ತದೆ. ರೆಕ್ಕೆಗೂ ಎಂಜಿನ್‌ಗೂ ಬಲ ಸಾಲದು. ರನ್‌ವೇ ಗಿಡ್ಡವಾಗಿದ್ದರೆ ಹೊರುವ ತೂಕ ಇಳಿಸಲೇಬೇಕು. ಹೋಗುವ ಕಡೆ ಇಂಧನ ಸಿಗದಿದ್ದರೆ ವಾಪಸ್ ಬರುವ ಇಂಧನವನ್ನೂ ಹೊತ್ತೇ ಹಾರಬೇಕು. ಆಗ ಮೊದಲು ಇಳಿಯುವುದು ನಮ್ಮ ಬ್ಯಾಗು. ಕಾರಣ ಸರಿಯೇ. ಆದರೆ ಹೊರಡುವ ಮೊದಲೇ ಒಂದು ಮಾತು ಹೇಳಿದ್ದರೆ ನಾನು ಆಸ್ಪತ್ರೆಗೆ ತಿಳಿಸುತ್ತಿದ್ದೆ. ಸೊಂಟ ಮುರಿದ ಅಜ್ಜಿಯೊಬ್ಬರನ್ನು ಆ ದಿನ ಬೇರೆ ಊರಿಗೆ ಸಾಗಿಸಬೇಕಾಯಿತು. ಅದು ನನಗೆ ಇವತ್ತಿಗೂ ನೋವು.

ಈಗ ಚೆಕ್‌ಇನ್ ಕೌಂಟರಿನಲ್ಲೇ ಕೇಳುತ್ತೇನೆ: "ಇವತ್ತು ತೂಕದ ತೊಂದರೆ ಇದೆಯಾ? ಇದು ಆಸ್ಪತ್ರೆಯ ಸಾಮಾನು." ಕೇಳಿದ್ದಕ್ಕೆ ಎರಡು ಸಲ ನನ್ನ ಪೆಟ್ಟಿಗೆಯನ್ನು ಮೊದಲು ಹಾಕಿಸಿದ್ದಾರೆ. ನಿಮ್ಮ ಬ್ಯಾಗು ಬರದಿದ್ದರೆ ಹೊರಗೆ ಹೋಗುವ ಮೊದಲೇ ಪಿಐಆರ್ ಎಂಬ ದೂರಿನ ಅರ್ಜಿ ಬರೆಸಿ, ಅದರ ನಂಬರ್ ಪಡೆಯಿರಿ. ಸಣ್ಣ ನಿಲ್ದಾಣದಲ್ಲಿ ಸಿಬ್ಬಂದಿ ಮುಂದಿನ ವಿಮಾನದ ಕೆಲಸಕ್ಕೆ ಓಡುತ್ತಾರೆ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ.

ಊರಿಗೆ ಹೋಗುವ ಗಾಡಿ

ಕಷ್ಟ ಬರುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಟ್ಯಾಕ್ಸಿ ಆ್ಯಪ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಆ್ಯಪ್ ತೆರೆದರೆ ಕಾರು ಕಾಣಬಹುದು. ಆದರೆ ಅದು ಊರಿನಲ್ಲಿರುತ್ತದೆ. ಡ್ರೈವರ್ ಖಾಲಿ ಬಂದು ನಿಮ್ಮನ್ನು ಕರೆದುಕೊಂಡು ಹೋಗಬೇಕು. ಒಂದು ಕಡೆಯ ದುಡ್ಡಿಗೆ ಎರಡು ಕಡೆ ಓಡುವುದು ಅವರಿಗೆ ಹೇಗೆ ಗಿಟ್ಟುತ್ತದೆ? ಹಾಗಾಗಿ ಒಪ್ಪಿಕೊಂಡವರು ಆಮೇಲೆ ರದ್ದು ಮಾಡುತ್ತಾರೆ. ಅವರ ಕಷ್ಟ ಅರ್ಥ ಮಾಡಿಕೊಂಡು, ಮೊದಲೇ ಮಾತಾಡಿ ಕಾರು ಗೊತ್ತು ಮಾಡುವುದು ಇಬ್ಬರಿಗೂ ಒಳ್ಳೆಯದು.

ನಾನು ಮಾಡುವುದು ಹೀಗೆ. ಎರಡು ದಿನ ಮೊದಲು ಉಳಿದುಕೊಳ್ಳುವ ಹೋಟೆಲ್‌ಗೆ ಫೋನ್ ಮಾಡುತ್ತೇನೆ. ಅವರಿಗೆ ಗೊತ್ತಿರುವ ಡ್ರೈವರ್ ಒಬ್ಬರು ಇದ್ದೇ ಇರುತ್ತಾರೆ. ಬಾಡಿಗೆ ಎಷ್ಟು, ಅದರಲ್ಲಿ ಪಾರ್ಕಿಂಗ್ ಮತ್ತು ಟೋಲ್ ಸೇರಿದೆಯೇ, ತಡವಾದರೆ ಕಾಯುವುದಕ್ಕೆ ಬೇರೆ ದುಡ್ಡೇ, ಮೂರನ್ನೂ ಆಗಲೇ ಕೇಳುತ್ತೇನೆ. ಇಳಿಯುವ ಸಮಯದ ಜೊತೆ ವಿಮಾನದ ನಂಬರನ್ನೂ ಕೊಡುತ್ತೇನೆ. ಸಮಯ ಬದಲಾಗುತ್ತದೆ, ನಂಬರ್ ಬದಲಾಗುವುದಿಲ್ಲ. ವಿಮಾನ ಹತ್ತುವ ಮೊದಲು ಡ್ರೈವರ್‌ಗೇ ನೇರವಾಗಿ ಒಂದು ಫೋನ್. "ಹೊರಟಿದ್ದೇನೆ, ಬರ್ತೀರಲ್ವಾ?" ಅಷ್ಟೇ. ಆ ಒಂದು ಫೋನ್ ಮಾಡಿದ ದಿನ ಯಾರೂ ಕೈಕೊಟ್ಟಿಲ್ಲ.

ಕಾರು ಗೊತ್ತಾಗದೇ ಹೊರಟಿದ್ದರೆ, ವಿಮಾನ ಹತ್ತುವ ಕಡೆ, ಕಾಯುವ ಕುರ್ಚಿಗಳಲ್ಲೇ ಮಾತು ಶುರು ಮಾಡಿ. ಅಲ್ಲಿ ಕೂತವರಲ್ಲಿ ಆ ಊರಿನವರೇ ಎಷ್ಟೋ ಜನ ಇರುತ್ತಾರೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವ ದಾರಿ ಸುರಕ್ಷಿತ ಎಂಬುದು ಅವರಿಗೆ ಗೊತ್ತು. ಒಂದು ಕುಟುಂಬವನ್ನೋ, ಇಬ್ಬರು ಹೆಂಗಸರನ್ನೋ ನೋಡಿ ಟ್ಯಾಕ್ಸಿ ಹಂಚಿಕೊಳ್ಳೋಣವೇ ಎಂದು ಕೇಳಿ. ಇಳಿದ ಮೇಲೆ ಕೇಳಿದರೆ ಎಲ್ಲರಿಗೂ ಅವಸರ.

ಇನ್ನೊಂದು ಗುಟ್ಟು. ನೀವು ಬಂದ ವಿಮಾನವೇ ಅರ್ಧ ಗಂಟೆಯಲ್ಲಿ ವಾಪಸ್ ಹಾರುತ್ತದೆ. ಅದರಲ್ಲಿ ಹೋಗುವವರನ್ನು ಬಿಡಲು ಬಂದ ಟ್ಯಾಕ್ಸಿಗಳು ಊರಿಗೆ ಖಾಲಿ ಹೋಗಬೇಕು. ಆ ಡ್ರೈವರ್‌ಗಳು ನಿಮಗಾಗಿಯೇ ಸ್ವಲ್ಪ ಹೊತ್ತು ಕಾಯುತ್ತಾರೆ, ಬಾಡಿಗೆಯಲ್ಲೂ ಇಳಿಯುತ್ತಾರೆ. ಅವರು ಸಿಗುವುದು ನಿರ್ಗಮನದ ಬಾಗಿಲ ಹತ್ತಿರ. ಹೊರಗೆ ಬಂದವರೇ ಆ ಕಡೆ ನಡೆಯಿರಿ. ಫೋನ್ ನೋಡುತ್ತಾ ಕಾಲು ಗಂಟೆ ಕಳೆದರೆ ಅವರೂ ಹೋಗಿಬಿಡುತ್ತಾರೆ.

ನಿಲ್ದಾಣದ ಬಸ್ಸು ಇದ್ದರೆ ಒಂದೇ ಪ್ರಶ್ನೆ ಮುಖ್ಯ: ವಿಮಾನ ತಡವಾದರೆ ಬಸ್ಸು ಕಾಯುತ್ತದೆಯೇ? ಕೆಲವು ವಿಮಾನಕ್ಕೆ ಹೊಂದಿಕೊಂಡು ಹೊರಡುತ್ತವೆ, ಕೆಲವು ಗಡಿಯಾರ ನೋಡಿ ಹೊರಡುತ್ತವೆ. ಬಸ್ಸೇ ಇಲ್ಲದ ಕಡೆ ನಿಲ್ದಾಣದ ದಾರಿ ಮುಖ್ಯ ರಸ್ತೆ ಸೇರುವ ಜಾಗವನ್ನು ನಕ್ಷೆಯಲ್ಲಿ ನೋಡಿ. ಅಲ್ಲಿ ಊರಿನ ಬಸ್ಸುಗಳು ನಿಲ್ಲುತ್ತಿರಬಹುದು. ಹಗಲಿನಲ್ಲಿ, ಬ್ಯಾಗು ಹಗುರ ಇದ್ದರೆ ಒಂದೂವರೆ ಕಿಲೋಮೀಟರ್ ನಡೆಯುವುದು ಏನೂ ಕಷ್ಟ ಅಲ್ಲ. ಕತ್ತಲಾದ ಮೇಲೆ ಹೋಗಬೇಡಿ.

ಕೈಯಲ್ಲಿ ಚಿಲ್ಲರೆ ದುಡ್ಡು ಇರಲಿ. ಎಟಿಎಂ ಇರದಿರಬಹುದು, ಇದ್ದರೂ ಖಾಲಿ ಇರಬಹುದು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಹೋಟೆಲ್ ವಿಳಾಸವನ್ನು ಅಲ್ಲಿನ ಭಾಷೆಯಲ್ಲಿ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕಾರು ಹತ್ತಿದ ಮೇಲೆ ಅದರ ನಂಬರನ್ನು ಮನೆಗೆ ಕಳಿಸಿ.

ವಾಪಸ್ ಹೊರಡುವ ದಿನ

ಊರಿಗೆ ಕರೆತಂದ ಡ್ರೈವರ್ ಚೆನ್ನಾಗಿದ್ದರೆ ಇಳಿಯುವಾಗಲೇ ವಾಪಸ್ ದಿನವನ್ನೂ ಹೇಳಿಬಿಡಿ. ಸಣ್ಣ ನಿಲ್ದಾಣಕ್ಕೆ ಮೂರು ಗಂಟೆ ಮೊದಲು ಹೋಗಬೇಡಿ. ವಿಮಾನದ ಹೊತ್ತಿಗಷ್ಟೇ ಬಾಗಿಲು ತೆಗೆಯುವ ಕಡೆ ಹೊರಗೆ ಬಿಸಿಲಿನಲ್ಲಿ ನಿಲ್ಲಬೇಕಾಗುತ್ತದೆ. ಒಂದೂವರೆ ಗಂಟೆ ಮೊದಲು ತಲುಪಿದರೆ ಸಾಕು. ಆದರೆ ಕೌಂಟರ್ ಮುಚ್ಚುವ ಸಮಯ ಟಿಕೆಟ್‌ನಲ್ಲಿ ಎಷ್ಟಿದೆ ನೋಡಿಕೊಳ್ಳಿ, ಅದನ್ನು ಅವರು ಸಡಿಲಿಸುವುದಿಲ್ಲ. ಒಳಗೆ ಅಂಗಡಿ ಇದೆಯೋ ಇಲ್ಲವೋ, ತಿನ್ನಲು ಏನಾದರೂ ಕಟ್ಟಿಕೊಂಡು ಹೋಗಿ. ಡ್ರೈವರ್‌ಗೆ ಮಾತ್ರ ಒಂದು ಮಾತು ಕೇಳಿಕೊಳ್ಳಿ: ನಿಮ್ಮ ವಿಮಾನ ಬರುತ್ತಿದೆ ಎಂದು ಖಚಿತವಾಗುವ ತನಕ ಊರಿಗೆ ತಿರುಗಬೇಡಿ ಅಂತ. ಬರುವ ವಿಮಾನದಿಂದ ಅವರಿಗೂ ಒಂದು ಬಾಡಿಗೆ ಸಿಗುತ್ತದೆ, ಆದ್ದರಿಂದ ಸಂತೋಷವಾಗಿಯೇ ನಿಲ್ಲುತ್ತಾರೆ.